ಬಾಳೆಯ ಸುಳಿಗೆ ಕಿರಣದ ಪೆಟ್ಟು

ಬಾಳೆತೋಟಕ್ಕೆ ಸೊರಗು ರೋಗ ಬಂದದ್ದು ಮೊದಲು ಗೊತ್ತಾಗುವುದು ಕೆಳಗಿನ ಎಲೆಗಳಲ್ಲಿ. ಎಲೆಯ ಅಂಚು ಹಳದಿಯಾಗುತ್ತದೆ. ಹಳದಿ ಬಣ್ಣ ನಿಧಾನವಾಗಿ ನಡುನರದತ್ತ ಸರಿಯುತ್ತದೆ. ಆಮೇಲೆ ಎಲೆಗಳು ಒಂದೊಂದಾಗಿ ತೊಟ್ಟಿನ ಬಳಿ ಮುರಿದು ದಿಂಡಿನ ಸುತ್ತ ಲಂಗದಂತೆ ಜೋತುಬೀಳುತ್ತವೆ. ಗೊನೆ ಬಲಿಯುವ ಮೊದಲೇ ಗಿಡ ನಿಂತಲ್ಲಿಯೇ ಒಣಗುತ್ತದೆ. ಅಂಥ ಗಿಡದ ಗೆಡ್ಡೆಯನ್ನು ಕತ್ತರಿಸಿ ನೋಡಿದರೆ, ಬೆಳ್ಳಗಿರಬೇಕಾದ ಒಳಭಾಗದಲ್ಲಿ ಕೆಂಗಂದು ಬಣ್ಣದ ಗೆರೆಗಳು ಕಾಣುತ್ತವೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳನುಗ್ಗಿ, ನೀರು ಸಾಗಿಸುವ ನಾಳಗಳನ್ನು ಕಟ್ಟಿಹಾಕಿದ್ದರ ಗುರುತು ಅದು. ಪನಾಮ ರೋಗವೆಂದು ಇದಕ್ಕೆ ಇನ್ನೊಂದು ಹೆಸರು.

ಒಂದು ಕಾಲಕ್ಕೆ ನಂಜನಗೂಡಿನ ಸುತ್ತಮುತ್ತ ಹರಡಿದ್ದ ರಸಬಾಳೆಯ ತೋಟಗಳನ್ನು ಬರಿದು ಮಾಡಿದ್ದರಲ್ಲಿ ಈ ರೋಗದ ಪಾಲು ದೊಡ್ಡದು. ರಸಬಾಳೆಗೆ ಭೌಗೋಳಿಕ ಸೂಚಕದ ಮನ್ನಣೆಯೇನೋ ದೊರೆತಿದೆ. ಆದರೆ ಮನ್ನಣೆಯ ಪತ್ರ ತೋರಿಸಿ ಶಿಲೀಂಧ್ರವನ್ನು ಹಿಂದಕ್ಕೆ ಕಳುಹಿಸಲು ಬರುವುದಿಲ್ಲ. ಒಮ್ಮೆ ಮಣ್ಣು ಸೇರಿದ ಅದರ ಬೀಜಕಗಳು ದಶಕಗಳ ಕಾಲ ಅಲ್ಲೇ ಬದುಕಿರಬಲ್ಲವು. ಹೊಡೆದರೆ ವಾಸಿಯಾಗುವಂಥ ಔಷಧಿಯೂ ಇಲ್ಲ.

ರಾಗಿಗೋ ಭತ್ತಕ್ಕೋ ಇಂಥ ಕಷ್ಟ ಬಂದರೆ ಸಸ್ಯವಿಜ್ಞಾನಿಗಳು ಮಾಡುವ ಕೆಲಸ ಎಲ್ಲರಿಗೂ ಗೊತ್ತಿರುವಂಥದೇ. ರೋಗ ತಡೆಯುವ ಇನ್ನೊಂದು ತಳಿಯನ್ನು ಹುಡುಕಿ, ಅದರ ಪರಾಗವನ್ನು ಇದರ ಹೂವಿಗೆ ಸೇರಿಸಿ, ಹುಟ್ಟಿದ ಬೀಜಗಳಲ್ಲಿ ಒಳ್ಳೆಯದನ್ನು ಆರಿಸುತ್ತಾರೆ. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದದ್ದು ಹೀಗೆಯೇ. ಆದರೆ ಬಾಳೆಯ ಮಟ್ಟಿಗೆ ಈ ದಾರಿ ಬಹುಪಾಲು ಮುಚ್ಚಿದೆ. ತಿನ್ನುವವರಿಗೆ ಯಾವುದು ಸುಖವೋ ಅದೇ ಬಾಳೆಗೆ ಶಾಪವಾಗಿದೆ. ಹಣ್ಣಿನಲ್ಲಿ ಬೀಜವಿಲ್ಲ.

ನೂಲಿನಂತೆ ಸೀರೆ

ಬಾಳೆಹಣ್ಣನ್ನು ಅಡ್ಡಲಾಗಿ ಕತ್ತರಿಸಿದರೆ ನಡುವೆ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಬೀಜವಾಗಬೇಕಾಗಿದ್ದು ಆಗದೆ ಉಳಿದ ಅಂಡಕಗಳು ಅವು. ಕಾಡುಬಾಳೆಯಲ್ಲಾದರೆ ಅದೇ ಜಾಗದಲ್ಲಿ ಹಲ್ಲು ಮುರಿಯುವಷ್ಟು ಗಟ್ಟಿಯಾದ ಕಪ್ಪು ಬೀಜಗಳು ತುಂಬಿರುತ್ತವೆ. ತಿರುಳು ಹೆಸರಿಗೆ ಮಾತ್ರ.

ಈ ವ್ಯತ್ಯಾಸಕ್ಕೆ ಒಂದು ಕಾರಣ ವರ್ಣತಂತುಗಳ ಲೆಕ್ಕ. ಕಾಡುಬಾಳೆಯ ಒಂದು ಜೀವಕೋಶದಲ್ಲಿ 11 ವರ್ಣತಂತುಗಳ 2 ಕಂತೆಗಳಿವೆ, ಒಟ್ಟು 22. ಪರಾಗ ಅಥವಾ ಅಂಡ ತಯಾರಾಗುವಾಗ ಒಂದೊಂದು ಪಾಲಿಗೆ 11ರಂತೆ ಅವು ಸಮನಾಗಿ ಹಂಚಿಹೋಗುತ್ತವೆ. ಆದರೆ ತೋಟದ ರಸಬಾಳೆ, ಪಚ್ಚಬಾಳೆ, ಜಿ-9 ಮುಂತಾದವುಗಳಲ್ಲಿರುವುದು 3 ಕಂತೆ, ಒಟ್ಟು 33. ಮೂರನ್ನು ಇಬ್ಬರಿಗೆ ಸಮನಾಗಿ ಹಂಚುವುದು ಹೇಗೆ? ಹಂಚಿಕೆ ಕೆಡುತ್ತದೆ, ಬೀಜ ಕಟ್ಟುವುದಿಲ್ಲ. ಪರಾಗಸ್ಪರ್ಶವಾಗದೆಯೂ ಕಾಯಿ ದಪ್ಪಗಾಗುವ ಇನ್ನೊಂದು ಗುಣ ಜೊತೆಗೆ ಸೇರಿದ್ದರಿಂದ ಬೀಜವಿಲ್ಲದ ಸಿಹಿ ಹಣ್ಣು ಮನುಷ್ಯನ ಪಾಲಿಗೆ ಬಂತು.

ಬೀಜವಿಲ್ಲದ ಮೇಲೆ ಕಂದೇ ಗತಿ. ತಾಯಿಗಿಡದ ಬುಡದಿಂದ ಕಂದು ಕಿತ್ತು ನೆಡುವುದು. ಅದು ದೊಡ್ಡದಾದ ಮೇಲೆ ಅದರ ಕಂದು. ಪಾಪುವ ನ್ಯೂಗಿನಿಯ ಕುಕ್ ಎಂಬ ಜೌಗುಪ್ರದೇಶದಲ್ಲಿ ಸುಮಾರು 7000 ವರ್ಷಗಳ ಹಿಂದೆಯೇ ಬಾಳೆ ಬೆಳೆಸುತ್ತಿದ್ದುದಕ್ಕೆ ಕುರುಹುಗಳು ಸಿಕ್ಕಿವೆ. ಆಗಿನಿಂದಲೂ ಬಾಳೆಯ ಸಂಸಾರ ಹೆಚ್ಚುಕಡಿಮೆ ಹೀಗೆಯೇ ಸಾಗಿದೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ಮನುಷ್ಯರ ವಿಷಯದಲ್ಲಿ ತಪ್ಪಬಹುದು, ಬಾಳೆಯ ವಿಷಯದಲ್ಲಿ ತಪ್ಪುವುದು ಅಪರೂಪ. ಒಂದು ತಳಿಯ ಲಕ್ಷ ಗಿಡಗಳೆಂದರೆ ವಾಸ್ತವವಾಗಿ ಲಕ್ಷ ಕಡೆ ನಿಂತಿರುವ ಒಂದೇ ಗಿಡ. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ ಮಧ್ಯ ಅಮೆರಿಕ. ಅಲ್ಲಿಂದ ಹಡಗು ತುಂಬಿ ಹೋಗುತ್ತಿದ್ದ ಗ್ರೋ ಮಿಷೆಲ್ ತಳಿಯ ತೋಟಗಳು ಪನಾಮ ರೋಗಕ್ಕೆ ಸಿಕ್ಕಿ, 1960ರ ಹೊತ್ತಿಗೆ ವ್ಯಾಪಾರದಿಂದಲೇ ಮರೆಯಾಗುವ ಸ್ಥಿತಿಗೆ ಬಂದವು. ಅದರ ಜಾಗಕ್ಕೆ ಕ್ಯಾವೆಂಡಿಷ್ ಗುಂಪಿನ ಬಾಳೆ ಬಂತು. ಕರ್ನಾಟಕದ ರೈತರು ಬೆಳೆಯುವ ಪಚ್ಚಬಾಳೆ, ಜಿ-9 ಇದೇ ಗುಂಪಿನವು. ಹಳೆಯ ರೋಗವನ್ನು ಕ್ಯಾವೆಂಡಿಷ್ ತಡೆದುಕೊಂಡಿತು. ಈಗ ಅದೇ ಶಿಲೀಂಧ್ರದ ಇನ್ನೊಂದು ಪಂಗಡ, ಟಿ.ಆರ್.-4, ಕ್ಯಾವೆಂಡಿಷನ್ನೇ ಕೆಡವುತ್ತಿದೆ. ಏಷ್ಯಾದಲ್ಲಿ ಕಾಣಿಸಿಕೊಂಡ ಅದು 2013ರಲ್ಲಿ ಆಫ್ರಿಕದ ಮೊಜಾಂಬಿಕ್‌ನಲ್ಲೂ 2019ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲೂ ಪತ್ತೆಯಾಯಿತು. ಭಾರತದಲ್ಲಿ ಬಿಹಾರ, ಉತ್ತರ ಪ್ರದೇಶಗಳ ತೋಟಗಳಿಗೆ ಕಾಲಿಟ್ಟಿದೆ.

ಬದಲಾಗಲು ಬಾರದ ಗಿಡಕ್ಕೆ ಬದಲಾವಣೆ ಕಲಿಸುವುದು ಹೇಗೆ? ವಿಕಿರಣದ ಕಥೆ ಆರಂಭವಾಗುವುದು ಇಲ್ಲಿಂದ.

ಸೀಸೆಯೊಳಗಿನ ತೋಟ

ಅಂಗಾಂಶ ಕೃಷಿ ಎಂಬ ಮಾತು ಈಗ ಬಾಳೆ ಬೆಳೆಗಾರರಿಗೆ ಹೊಸದಲ್ಲ. ಆರೋಗ್ಯವಂತ ಕಂದನ್ನು ತಂದು, ಹೊರಗಿನ ಪದರಗಳನ್ನು ಈರುಳ್ಳಿಯಂತೆ ಒಂದೊಂದಾಗಿ ಬಿಡಿಸಿ, ಒಳಗಿನ ಎಳೆಯ ಸುಳಿಯನ್ನು ಮಾತ್ರ ತೆಗೆಯುತ್ತಾರೆ. ಸೋಂಕು ತೆಗೆದ ಆ ತುಣುಕನ್ನು ಸಕ್ಕರೆ, ಲವಣ, ಜೀವಸತ್ವಗಳಿರುವ ಮೆದು ಪಾಕದ ಮೇಲೆ ಸೀಸೆಯೊಳಗೆ ಕೂರಿಸುತ್ತಾರೆ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪಿನ ಅಂಗಾಂಶಕ್ಕಾಗಿ ರೂಪಿಸಿದ ಪಾಕ ಇದು. ಪಾಕಕ್ಕೆ ಸೈಟೊಕೈನಿನ್ ಎಂಬ ಹಾರ್ಮೋನು ಬೆರೆತಿದ್ದರೆ ಒಂದು ಸುಳಿಯ ಬದಿಯಿಂದ ಹಲವು ಸುಳಿಗಳು ಒಡೆಯುತ್ತವೆ. ಮೂರು ನಾಲ್ಕು ವಾರಕ್ಕೊಮ್ಮೆ ಅವನ್ನು ಬಿಡಿಸಿ ಹೊಸ ಸೀಸೆಗೆ ಹಾಕುತ್ತ ಹೋದರೆ ವರ್ಷದೊಳಗೆ ಒಂದೇ ಕಂದಿನಿಂದ ನೂರಾರು ಸಸಿಗಳು ಬರುತ್ತವೆ. ಕೊನೆಗೆ ಬೇರು ಬರಿಸಿ, ನೆರಳುಮನೆಯಲ್ಲಿ ಹದಗೊಳಿಸಿ ರೈತರಿಗೆ ಕೊಡುತ್ತಾರೆ.

ಈ ಕೆಲಸದ ಗುರಿ ಎಲ್ಲವೂ ಒಂದೇ ತೆರನಾಗಿರಬೇಕು ಎಂಬುದು. ಒಂದೇ ಸಲ ಹೂವು, ಒಂದೇ ಸಲ ಕೊಯ್ಲು. ಬೇರೆ ರೀತಿಯ ಸಸಿ ಬಂದರೆ ಪ್ರಯೋಗಾಲಯಕ್ಕೆ ಅದು ಕೆಟ್ಟ ಹೆಸರು. ವಿಕಿರಣ ಬಳಸುವ ವಿಜ್ಞಾನಿಗೆ ಬೇಕಾದದ್ದು ಇದಕ್ಕೆ ನೇರ ವಿರುದ್ಧ. ಅದೇ ಸೀಸೆ, ಅದೇ ಪಾಕ, ಅದೇ ಸುಳಿ. ಆದರೆ ಅವನು ಕಾಯುವುದು ಸಾವಿರದ ನಡುವೆ ಬೇರೆಯಾಗಿ ನಿಲ್ಲುವ ಒಂದೇ ಒಂದು ಗಿಡಕ್ಕಾಗಿ.

ಸೀಸೆಯೇ ಏಕೆ ಬೇಕು? ದೊಡ್ಡ ಕಂದಿಗೆ ಕಿರಣ ಹಾಯಿಸಿದರೆ ಎಷ್ಟು ಕಂದುಗಳನ್ನು ತಾನೆ ಹೊತ್ತು ತರಲು ಸಾಧ್ಯ? ಸೀಸೆಯಲ್ಲಾದರೆ ನೂರಾರು ಸುಳಿಗಳನ್ನು ಒಂದು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಒಂದೇ ಬಾರಿಗೆ ಕಿರಣ ಕೊಡಬಹುದು. ಮೇಲಾಗಿ, ಬದಲಾದ ಜೀವಕೋಶವನ್ನು ಉಳಿದವುಗಳಿಂದ ಬಿಡಿಸಿಕೊಳ್ಳಲು ಸೀಸೆಯೇ ಅನುಕೂಲ. ಅದಕ್ಕೆ ಮುಂದೆ ಬರೋಣ.

ಕಿರಣ ಮಾಡುವುದೇನು?

ಎಕ್ಸ್ ಕಿರಣಗಳನ್ನು ಹಾಯಿಸಿ ಹಣ್ಣುನೊಣಗಳಲ್ಲಿ ಹೊಸ ಗುಣಗಳನ್ನು ತರಬಹುದೆಂದು 1927ರಲ್ಲಿ ತೋರಿಸಿದವರು ಅಮೆರಿಕದ ಹರ್ಮನ್ ಮುಲ್ಲರ್. ಮರುವರ್ಷವೇ ಸ್ಟಾಡ್ಲರ್ ಎಂಬುವರು ಬಾರ್ಲಿ ಮತ್ತು ಮೆಕ್ಕೆಜೋಳದಲ್ಲೂ ಇದು ಸಾಧ್ಯವೆಂದು ತೋರಿಸಿದರು. ಮುಲ್ಲರ್‌ಗೆ 1946ರಲ್ಲಿ ನೊಬೆಲ್ ಬಹುಮಾನ ಬಂತು. ವಂಶವಾಹಿಯಲ್ಲಿ ಆಗುವ ಇಂಥ ಬದಲಾವಣೆಗೆ ಉತ್ಪರಿವರ್ತನೆ, ಅಂದರೆ ಮ್ಯುಟೇಶನ್, ಎಂದು ಹೆಸರು.

ಬಾಳೆಗೆ ಸಾಮಾನ್ಯವಾಗಿ ಬಳಸುವುದು ಕೋಬಾಲ್ಟ್-60 ಹೊಮ್ಮಿಸುವ ಗಾಮಾ ಕಿರಣ. ಸೀಸದ ದಪ್ಪ ಗೋಡೆಯ ಯಂತ್ರದೊಳಗೆ ಸುಳಿಗಳನ್ನಿಟ್ಟು ನಿಗದಿಯಾದ ಹೊತ್ತು ಬಿಟ್ಟು ಹೊರತೆಗೆಯುತ್ತಾರೆ. ಕಿರಣದ ಪ್ರಮಾಣವನ್ನು ಅಳೆಯುವ ಮಾನ ಗ್ರೇ. ಒಂದು ಕಿಲೋಗ್ರಾಂ ವಸ್ತು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಮೂರು ಕಂತೆಯ ಬಾಳೆಯ ಸುಳಿಗೆ 30ರಿಂದ 40 ಗ್ರೇ ಕೊಡುವುದು ವಾಡಿಕೆ. ಶಾಖದ ಲೆಕ್ಕದಲ್ಲಿ ಇದು ಏನೂ ಅಲ್ಲ. 40 ಗ್ರೇ ಶಕ್ತಿ ನೀರನ್ನು ಬಿಸಿಮಾಡುವುದು ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು. ಆದರೂ ಮನುಷ್ಯನ ಇಡೀ ಮೈಗೆ ಒಮ್ಮೆಲೇ 4-5 ಗ್ರೇ ಬಿದ್ದು, ಚಿಕಿತ್ಸೆ ದೊರೆಯದಿದ್ದರೆ ಬದುಕುವ ಸಂಭವ ಅರ್ಧಕ್ಕರ್ಧ ಮಾತ್ರ. ಶಕ್ತಿ ಎಷ್ಟು ಎಂಬುದಕ್ಕಿಂತ ಎಲ್ಲಿ ಬಡಿಯಿತು ಎಂಬುದೇ ಇಲ್ಲಿ ಮುಖ್ಯ.

ಕಿರಣ ಬಡಿಯುವುದು ಜೀವಕೋಶದ ಡಿ.ಎನ್.ಎ.ಗೆ. ಕೆಲವೊಮ್ಮೆ ನೇರವಾಗಿ, ಹೆಚ್ಚಾಗಿ ಬಳಸುದಾರಿಯಲ್ಲಿ. ಜೀವಕೋಶದ ನೀರಿನ ಅಣುಗಳು ಕಿರಣಕ್ಕೆ ಒಡೆದು, ಕಂಡದ್ದನ್ನೆಲ್ಲ ಕಚ್ಚುವ ಚೂರುಗಳಾಗುತ್ತವೆ. ಆ ಚೂರುಗಳು ಡಿ.ಎನ್.ಎ. ಎಳೆಯನ್ನು ಕತ್ತರಿಸುತ್ತವೆ. ಒಣಗಿದ ಶೇಂಗಾ ಬೀಜ ನೂರಾರು ಗ್ರೇ ತಡೆದುಕೊಂಡರೆ, ನೀರು ತುಂಬಿದ ಬಾಳೆಯ ಸುಳಿ ಅದರ ಒಂದಂಶಕ್ಕೇ ಸೋಲುವುದಕ್ಕೆ ಇದೂ ಒಂದು ಕಾರಣ. ಕತ್ತರಿಸಿಹೋದ ಎಳೆಯನ್ನು ಜೀವಕೋಶ ತಾನೇ ಹೊಲಿದುಕೊಳ್ಳುತ್ತದೆ. ಅವಸರದ ಹೊಲಿಗೆಯಲ್ಲಿ ಒಂದಕ್ಷರ ತಪ್ಪಬಹುದು, ಒಂದು ತುಂಡು ಬಿಟ್ಟುಹೋಗಬಹುದು. ಆ ತಪ್ಪೇ ಉತ್ಪರಿವರ್ತನೆ.

ಪ್ರಮಾಣ ಕಡಿಮೆಯಾದರೆ ಏನೂ ಆಗುವುದಿಲ್ಲ. ಹೆಚ್ಚಾದರೆ ಸುಳಿ ಸಾಯುತ್ತದೆ. ಆದ್ದರಿಂದ ಪ್ರತಿ ತಳಿಗೂ ಮೊದಲು ಹಲವು ಪ್ರಮಾಣಗಳನ್ನು ಕೊಟ್ಟುನೋಡಿ, ಬೆಳವಣಿಗೆ ಸುಮಾರು ಅರ್ಧಕ್ಕೆ ಇಳಿಯುವ ಹಂತವನ್ನು ಗುರುತಿಸಿಕೊಳ್ಳುತ್ತಾರೆ. ಕೆಲಸ ನಡೆಯುವುದು ಅದರ ಆಸುಪಾಸಿನಲ್ಲಿ.

ಅರ್ಧ ಹಳೆಯದು, ಅರ್ಧ ಹೊಸದು

ಕಿರಣ ಕೊಡುವುದು ಕೆಲವು ನಿಮಿಷಗಳ ಕೆಲಸ. ನಿಜವಾದ ಕಷ್ಟ ಆಮೇಲೆ.

ಬಾಳೆಯ ಸುಳಿಯಲ್ಲಿರುವುದು ಒಂದು ಜೀವಕೋಶವಲ್ಲ, ಪದರ ಪದರವಾಗಿ ಕೂಡಿದ ಹಲವಾರು. ಕಿರಣ ಒಂದೊಂದರಲ್ಲಿ ಒಂದೊಂದು ಬಗೆಯ ತಪ್ಪು ಮಾಡಿರುತ್ತದೆ, ಕೆಲವನ್ನು ಮುಟ್ಟಿಯೇ ಇರುವುದಿಲ್ಲ. ಅಂಥ ಸುಳಿಯನ್ನು ಹಾಗೆಯೇ ಬೆಳೆಸಿದರೆ ಒಂದು ಗಿಡದ ಮೈಯಲ್ಲಿ ಎರಡು ಮೂರು ಗಿಡಗಳು ಸೇರಿಕೊಂಡಂತೆ ಆಗುತ್ತದೆ. ಎಲೆಯ ಒಂದು ಪಟ್ಟಿ ಬಿಳಿಚಿಕೊಂಡು ಉಳಿದದ್ದು ಹಸಿರಾಗಿರಬಹುದು. ಇಂಥ ಮಿಶ್ರ ಗಿಡಕ್ಕೆ ಕೈಮೀರ ಎನ್ನುತ್ತಾರೆ. ಅದರಲ್ಲಿ ರೋಗ ತಡೆಯುವ ಕೋಶಗಳಿದ್ದರೂ ಸುತ್ತಲಿನ ಹಳೆಯ ಕೋಶಗಳು ಅವನ್ನು ಹಿಂದಿಕ್ಕಿ ಬೆಳೆಯಬಹುದು.

ಬಾಳೆಯಲ್ಲಿ ಬೀಜ ಕಟ್ಟಿದ್ದರೆ ಈ ತೊಡಕು ಒಂದು ತಲೆಮಾರಿನಲ್ಲಿ ತೀರುತ್ತಿತ್ತು. ಪ್ರತಿಯೊಂದು ಬೀಜದ ಗಿಡವೂ ಒಂದೇ ಕೋಶದಿಂದ ಹುಟ್ಟುವುದರಿಂದ ಮಿಶ್ರಣ ತಾನಾಗಿ ಬೇರ್ಪಡುತ್ತದೆ. ಬೀಜವಿಲ್ಲದ ಬಾಳೆಗೆ ಸೀಸೆಯೇ ಆ ಕೆಲಸ ಮಾಡಿಕೊಡಬೇಕು. ಕಿರಣ ತಿಂದ ಸುಳಿಯಿಂದ ಹೊಸ ಸುಳಿಗಳನ್ನು ಬರಿಸಿ, ಬಿಡಿಸಿ, ಮತ್ತೆ ಬರಿಸಿ, ಮತ್ತೆ ಬಿಡಿಸಿ ಮೂರು ನಾಲ್ಕು ಸುತ್ತು ದಾಟಿಸುತ್ತಾರೆ. ಪ್ರತಿ ಸುತ್ತಿನಲ್ಲೂ ಹೊಸ ಸುಳಿ ಕೆಲವೇ ಕೋಶಗಳಿಂದ ಹುಟ್ಟುವುದರಿಂದ ಬೆರಕೆ ಕಡಿಮೆಯಾಗುತ್ತ ಬರುತ್ತದೆ. ಬಾಳೆಯ ಎಳೆಯ ಗಂಡುಹೂಗಳಿಂದ ಬಿಡಿ ಬಿಡಿ ಕೋಶಗಳನ್ನು ದ್ರವದಲ್ಲಿ ಬೆಳೆಸಿ, ಒಂದೊಂದು ಕೋಶದಿಂದಲೇ ಗಿಡ ಪಡೆಯುವ ವಿಧಾನವೂ ಇದೆ. ಅಲ್ಲಿ ಬೆರಕೆಯ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ, ಆದರೆ ಎಲ್ಲ ತಳಿಗಳೂ ಅದಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ಇನ್ನೊಂದು ತೊಡಕು ಆ ಮೂರು ಕಂತೆಗಳದೇ. ಒಂದು ಕಂತೆಯ ವಂಶವಾಹಿ ಕೆಟ್ಟರೂ ಉಳಿದೆರಡು ಕಂತೆಗಳಲ್ಲಿ ಅದರ ಪ್ರತಿಗಳಿರುತ್ತವೆ. ಅವು ಎಂದಿನಂತೆ ಕೆಲಸ ಮಾಡುತ್ತಿದ್ದರೆ ಗಿಡದಲ್ಲಿ ಬದಲಾವಣೆ ಹೊರಗೆ ಕಾಣುವುದೇ ಇಲ್ಲ. ಕಾಣುವ ಬದಲಾವಣೆಗಳಲ್ಲೂ ಹೆಚ್ಚಿನವು ಕೇಡಿನವು: ಸೊಟ್ಟ ಎಲೆ, ಗಿಡ್ಡ ಗೊನೆ, ತಡವಾದ ಹೂವು. ಕಿರಣಕ್ಕೆ ಕಣ್ಣಿಲ್ಲ. ರೋಗ ತಡೆಯುವ ಗುಣ ಕೊಡು ಎಂದು ಅದಕ್ಕೆ ಹೇಳಲು ಬರುವುದಿಲ್ಲ. ಅದು ಸುಮ್ಮನೆ ಕವಡೆ ಎಸೆಯುತ್ತದೆ. ಎಸೆದದ್ದರಲ್ಲಿ ಬೇಕಾದದ್ದನ್ನು ಆರಿಸಬೇಕಾದವನು ಮನುಷ್ಯ.

ಆರಿಸಿದವರು

ಆಸ್ಟ್ರಿಯಾದ ವಿಯೆನ್ನಾ ಬಳಿಯ ಸೈಬರ್ಸ್‌ಡಾರ್ಫ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಗಳು ಕೂಡಿ ನಡೆಸುವ ಪ್ರಯೋಗಾಲಯವಿದೆ. 1980ರ ದಶಕದಲ್ಲಿ ಅಲ್ಲಿ ನೋವಾಕ್ ಮತ್ತು ಸಂಗಡಿಗರು ಬಾಳೆಯ ಸುಳಿಗಳಿಗೆ ಗಾಮಾ ಕಿರಣ ಕೊಡುವ ಕ್ರಮವನ್ನು ರೂಪಿಸಿದರು. ಗ್ರ್ಯಾಂಡ್ ನೈನ್, ಅಂದರೆ ರೈತರ ಬಾಯಲ್ಲಿ ಜಿ-9, ತಳಿಗೆ 60 ಗ್ರೇ ಕೊಟ್ಟಾಗ ಬಂದ ಗಿಡಗಳಲ್ಲಿ ಒಂದು ಉಳಿದವಕ್ಕಿಂತ ಬೇಗ ಹೂಬಿಟ್ಟಿತು. ಅದನ್ನು ಆರಿಸಿ, ಬೆಳೆಸಿ, ಹೊರದೇಶಗಳ ತೋಟಗಳಲ್ಲಿ ಪರೀಕ್ಷಿಸಿದರು. ‘ನೊವಾರಿಯಾ’ ಎಂಬ ಹೆಸರಿನಲ್ಲಿ ಅದು 1990ರ ದಶಕದಲ್ಲಿ ಮಲೇಶಿಯಾದಲ್ಲಿ ಬಿಡುಗಡೆಯಾಯಿತು.

ಭಾರತದಲ್ಲಿ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರ ವಿಕಿರಣದ ನೆರವಿನಿಂದ ಶೇಂಗಾ, ಉದ್ದು, ಹೆಸರು ಮುಂತಾದ ಬೆಳೆಗಳಲ್ಲಿ ಹಲವು ತಳಿಗಳನ್ನು ಕೊಟ್ಟಿದೆ. ಅದೇ ಕೇಂದ್ರ ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನ ಕೇಂದ್ರದೊಡನೆ ಸೇರಿ ಜಿ-9ರಿಂದ ‘ಕಾವೇರಿ ವಾಮನ’ ಎಂಬ ತಳಿಯನ್ನು ಪಡೆದಿದೆ. 2025ರಲ್ಲಿ ಪ್ರಕಟವಾದ ಇದು ದೇಶದ ಮೊದಲ ಉತ್ಪರಿವರ್ತಿತ ಬಾಳೆ. ಹೆಸರಿಗೆ ತಕ್ಕಂತೆ ಗಿಡ ಕುಳ್ಳು. ಗಾಳಿಗೆ ಸುಲಭವಾಗಿ ಬೀಳುವುದಿಲ್ಲವಾದ್ದರಿಂದ ಗೊನೆಗೆ ಕೋಲಿನ ಆಸರೆ ಕೊಡುವ ಖರ್ಚು ಉಳಿಯುತ್ತದೆ. ಸುಮಾರು ಒಂದೂವರೆ ತಿಂಗಳು ಮೊದಲೇ ಕೊಯ್ಲಿಗೆ ಬರುತ್ತದೆ. ಬೇಸಗೆ ಮಳೆಯ ಒಂದು ಬಿರುಗಾಳಿಗೆ ಇಡೀ ತೋಟ ಮಲಗಿದ್ದನ್ನು ಕಂಡ ರೈತನಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಬೇಗ ಹೂಬಿಡುವುದು, ಕುಳ್ಳಾಗಿರುವುದು ಕಣ್ಣಿಗೆ ಕಾಣುವ ಗುಣಗಳು. ತೋಟದಲ್ಲಿ ಒಂದು ಸುತ್ತು ಹಾಕಿದರೆ ಪತ್ತೆಯಾಗುತ್ತವೆ. ರೋಗ ತಡೆಯುವ ಗುಣ ಹಾಗಲ್ಲ. ಅದನ್ನು ನೋಡಬೇಕಾದರೆ ಸಾವಿರಾರು ಗಿಡಗಳನ್ನು ರೋಗವಿರುವ ಮಣ್ಣಿನಲ್ಲಿ ನೆಟ್ಟು, ಸಾಯುವುದನ್ನು ಸಾಯಲು ಬಿಟ್ಟು, ಉಳಿದದ್ದನ್ನು ಮತ್ತೆ ಅದೇ ಮಣ್ಣಿಗೆ ಹಾಕಿ ಕಾಯಬೇಕು. ತೈವಾನಿನ ಬಾಳೆ ಸಂಶೋಧನ ಸಂಸ್ಥೆ ಈ ಕೆಲಸವನ್ನು ಕಿರಣವಿಲ್ಲದೆಯೇ ಮಾಡಿತು. ಅಂಗಾಂಶ ಕೃಷಿಯಲ್ಲಿ ತಾನಾಗಿಯೇ ಹುಟ್ಟುವ ಬದಲಾವಣೆಗಳನ್ನು ನೆಚ್ಚಿಕೊಂಡು, ಕ್ಯಾವೆಂಡಿಷ್ ಸಸಿಗಳನ್ನು ರೋಗದ ನೆಲದಲ್ಲಿ ನೆಟ್ಟು ಬದುಕಿದವನ್ನು ಆರಿಸಿತು. ಮೊದಮೊದಲು ಬದುಕಿದವುಗಳಲ್ಲಿ ರೋಗ ತಡೆಯುವ ಗುಣವಿತ್ತು, ಗೊನೆಯ ಅಂದವಿರಲಿಲ್ಲ. ಅವುಗಳಿಂದಲೇ ಮತ್ತೆ ಬೆಳೆಸಿ, ಮತ್ತೆ ಆರಿಸಿ, ವರ್ಷಗಳ ನಂತರ ‘ಫಾರ್ಮೋಸಾನ’ ಎಂಬ ತಳಿಯನ್ನು ರೈತರ ಕೈಗಿಟ್ಟರು. ಸಹಜವಾಗಿ ಬರುವ ಬದಲಾವಣೆ ವಿರಳ. ಕಿರಣ ಅದನ್ನು ಹೆಚ್ಚಿಸಿಕೊಡುತ್ತದೆ. ಆರಿಸುವ ಶ್ರಮ ಮಾತ್ರ ಎರಡರಲ್ಲೂ ಒಂದೇ.

ಭಯವೂ ಬೇಡ, ಭ್ರಮೆಯೂ ಬೇಡ

ವಿಕಿರಣವೆಂದ ಕೂಡಲೇ ಹಣ್ಣು ತಿನ್ನಬಹುದೇ ಎಂಬ ಅಳುಕು ಸಹಜ. ಕೋಬಾಲ್ಟ್-60ರ ಗಾಮಾ ಕಿರಣ ತಾಗಿದ ವಸ್ತು ತಾನೇ ವಿಕಿರಣ ಸೂಸುವಂತಾಗುವುದಿಲ್ಲ. ಟಾರ್ಚಿನ ಬೆಳಕು ಬಿದ್ದ ಗೋಡೆ, ಟಾರ್ಚು ಆರಿಸಿದ ಮೇಲೆ ಹೊಳೆಯುವುದಿಲ್ಲ ತಾನೆ? ಮೇಲಾಗಿ, ತೋಟದ ಗಿಡ ಕಿರಣ ತಾಗಿದ ಆ ಸುಳಿಯಲ್ಲ, ಅದರಿಂದ ಎಷ್ಟೋ ತಲೆಮಾರು ಮುಂದೆ ಬಂದದ್ದು. ಅಷ್ಟೇಕೆ, ಯಾವ ಯಂತ್ರವನ್ನೂ ಕಾಣದ ಮಾಮೂಲಿ ಬಾಳೆಹಣ್ಣಿನಲ್ಲೂ ಪೊಟ್ಯಾಸಿಯಂ-40 ಎಂಬ ಸಹಜ ವಿಕಿರಣ ಧಾತು ಇದೆ. ಒಂದು ಹಣ್ಣಿನಲ್ಲಿ ಸೆಕೆಂಡಿಗೆ ಹತ್ತು ಹದಿನೈದು ಪರಮಾಣುಗಳು ಸಿಡಿಯುತ್ತಲೇ ಇರುತ್ತವೆ. ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ಬೇರೆ ಜೀವಿಯ ವಂಶವಾಹಿಯನ್ನು ತಂದು ಸೇರಿಸುವ ಕುಲಾಂತರಿ ವಿಧಾನವೂ ಇದಲ್ಲ.

ಭಯ ಬೇಡವೆಂದಂತೆಯೇ ಭ್ರಮೆಯೂ ಬೇಡ. ಕುಳ್ಳು ಬಾಳೆ ಬಂದ ಮಾತ್ರಕ್ಕೆ ಸೊರಗು ರೋಗ ಹೋಗಲಿಲ್ಲ. ರಸಬಾಳೆಯಲ್ಲಿ ರೋಗ ತಡೆಯುವ ಗಿಡ ಸಿಕ್ಕರೂ ಅದು ರಸಬಾಳೆಯಾಗಿಯೇ ಉಳಿದಿರಬೇಕು. ಆ ತೆಳು ಸಿಪ್ಪೆ, ಆ ಪರಿಮಳ, ಆ ರುಚಿ ಹೋದ ಮೇಲೆ ರೋಗ ತಡೆದು ಪ್ರಯೋಜನವೇನು? ಕಿರಣದ ಪೆಟ್ಟಿಗೆ ಒಂದು ಗುಣ ಬಂದಾಗ ಇನ್ನೊಂದು ಸದ್ದಿಲ್ಲದೆ ಕಳೆದುಹೋಗಿರಬಹುದು. ಅದನ್ನು ಪತ್ತೆ ಹಚ್ಚಲು ಯಂತ್ರ ಸಾಲದು, ಹಣ್ಣನ್ನು ಬಲ್ಲ ನಾಲಗೆ ಬೇಕು. ಹಳೆಯ ರಸಬಾಳೆಯ ರುಚಿ ನೆನಪಿರುವ ಬೆಳೆಗಾರರು ಇರುವಾಗಲೇ ಈ ಕೆಲಸ ಮುಗಿದರೆ ಒಳ್ಳೆಯದು.

ಆರಿಸುವ ಕೆಲಸದಲ್ಲಿ ರೈತನೂ ಹೊರಗಿನವನಲ್ಲ. ಕುಳ್ಳು ಕ್ಯಾವೆಂಡಿಷ್, ಎತ್ತರದ ರೊಬಸ್ಟಾ, ನಡುವಿನ ಜಿ-9 ಎಲ್ಲವೂ ಒಂದೇ ಗುಂಪಿನಲ್ಲಿ ಸಹಜವಾಗಿ ಹುಟ್ಟಿದ ಭೇದಗಳು. ಎಂದೋ ಯಾವುದೋ ತೋಟದಲ್ಲಿ ಯಾರೋ ಒಬ್ಬರು, ಈ ಗಿಡ ಬೇರೆಯಾಗಿದೆಯಲ್ಲ ಎಂದು ನಿಂತು ನೋಡಿ ಅದರ ಕಂದನ್ನು ಬೇರೆ ನೆಟ್ಟದ್ದರಿಂದ ಅವು ಉಳಿದು ಬಂದಿವೆ. ಇವತ್ತಿಗೂ ಸೊರಗಿದ ತೋಟದ ನಡುವೆ ಒಂದೇ ಒಂದು ಗಿಡ ಹಸಿರಾಗಿ ನಿಂತಿದ್ದರೆ ಅದನ್ನು ಉಳಿದವುಗಳ ಜೊತೆ ಕಡಿದುಹಾಕುವ ಮೊದಲು ಗುರುತು ಹಾಕಿ, ತೋಟಗಾರಿಕೆ ಇಲಾಖೆಯವರಿಗೋ ಕೃಷಿ ವಿಜ್ಞಾನ ಕೇಂದ್ರದವರಿಗೋ ತಿಳಿಸುವುದು ಒಳ್ಳೆಯದು. ರೋಗ ಅದಕ್ಕಿನ್ನೂ ತಲುಪಿಲ್ಲದಿರುವ ಸಂಭವವೇ ಹೆಚ್ಚು. ಅದರ ಕಂದನ್ನು ಆಸೆಯಿಂದ ಬೇರೆ ತೋಟಕ್ಕೆ ಒಯ್ಯುವುದಂತೂ ಕೂಡದು; ಕಂದಿನ ಜೊತೆ ಮಣ್ಣೂ, ಮಣ್ಣಿನ ಜೊತೆ ರೋಗವೂ ಹೋಗುತ್ತದೆ. ಅದು ನಿಜವಾಗಿ ರೋಗವನ್ನು ಗೆದ್ದಿದೆಯೋ ಇಲ್ಲವೋ ಎಂಬುದನ್ನು ಅದೇ ಮಣ್ಣಿನಲ್ಲಿ ಮರುನೆಟ್ಟು ನೋಡಿಯೇ ಹೇಳಬೇಕು.

ವಿಯೆನ್ನಾದಲ್ಲಾಗಲಿ ಟ್ರಾಂಬೆಯಲ್ಲಾಗಲಿ ವಿಜ್ಞಾನಿ ಮಾಡುವುದೂ ಕೊನೆಗೆ ಇಷ್ಟೇ. ಕಿರಣ ಗಿಡಗಳನ್ನು ಬೇರೆ ಬೇರೆ ಮಾಡಿಕೊಡುತ್ತದೆ. ಸಾಲಿನಿಂದ ಸಾಲಿಗೆ ನಡೆದು, ಪ್ರತಿ ಗಿಡದ ಮುಂದೆ ನಿಂತು, ಇದು ಬೇಕು ಇದು ಬೇಡ ಎನ್ನುವ ಕೆಲಸವನ್ನು ಯಾವ ಕಿರಣವೂ ಮಾಡಿಕೊಡುವುದಿಲ್ಲ.